ಒಂಬತ್ತು ಕಿಲೋಗ್ರಾಂ ಗಡಿ: ತುಂಬು ಗರ್ಭಿಣಿಯ ತೂಕದ ಕೋಷ್ಟಕವನ್ನು ಕುರಿತು

“ಮಾವ, ನನ್ನ ಕೋಟಾ ಮುಗಿಯುತ್ತಾ ಬಂತಂತೆ. ಇನ್ನು ಹನ್ನೆರಡು ವಾರಕ್ಕೆ ಒಂದೇ ಕೆ.ಜಿ. ಬಾಕಿ ಇರೋದು” ಎನ್ನುತ್ತ ತಂಗಿಯ ಮಗಳು ಒಂದು ಮುದ್ರಿತ ಹಾಳೆಯನ್ನು ನನ್ನ ಮುಂದಿಟ್ಟಳು. ಅವಳಿಗೆ ಆಗ ಏಳು ತಿಂಗಳು ನಡೆಯುತ್ತಿತ್ತು. ವೈದ್ಯರ ಲೆಕ್ಕದಲ್ಲಿ 28 ವಾರ. ಎತ್ತರ 150 ಸೆಂ.ಮೀ. ಗರ್ಭ ನಿಲ್ಲುವ ಮೊದಲು 58 ಕಿ.ಗ್ರಾಂ. ಇದ್ದ ತೂಕ ಈಗ 66 ಕಿ.ಗ್ರಾಂ. ಹಾಳೆಯಲ್ಲಿ ‘ಸ್ಥೂಲಕಾಯ’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಅದರೆದುರು ‘ಒಟ್ಟು ಏರಿಕೆ 5–9 ಕಿ.ಗ್ರಾಂ.’ ಎಂದಿತ್ತು. ಎಂಟು ಆಗಲೇ ಏರಿದೆ, ಇನ್ನು ಒಂದು.

ಸೀಮಂತ ಮುಗಿದು ಒಂದು ವಾರವೂ ಆಗಿರಲಿಲ್ಲ. ‘ಇಬ್ಬರ ಊಟ ಉಣ್ಣಬೇಕು ಮಗಾ’ ಎಂದು ತುಪ್ಪ ಬಡಿಸುವ ಅಜ್ಜಿ ಒಂದು ಕಡೆ, ಈ ಕೆಂಪು ಗೆರೆ ಇನ್ನೊಂದು ಕಡೆ. ಹುಡುಗಿ ರಾತ್ರಿಯ ಊಟವನ್ನೇ ಬಿಟ್ಟಿದ್ದಳು.

ನಾನು ವೈದ್ಯನಲ್ಲ. ಭೌತಶಾಸ್ತ್ರದ ಮೇಷ್ಟ್ರು. ಯಾರಿಗೆ ಯಾವ ಚಿಕಿತ್ಸೆ ಎಂಬುದು ಪ್ರಸೂತಿ ತಜ್ಞರಿಗೆ ಬಿಟ್ಟ ವಿಷಯ. ಆದರೆ ಒಂದು ಸಂಖ್ಯೆ ಎಲ್ಲಿಂದ ಬಂತು, ಯಾವುದನ್ನು ಅಳೆಯುತ್ತದೆ, ಎಷ್ಟು ದೋಷದೊಡನೆ ಅಳೆಯುತ್ತದೆ ಎಂದು ಕೇಳುವುದು ನಮ್ಮ ಕಸುಬು. ಆ ಕಸುಬಿನ ಕಣ್ಣಿನಿಂದ ಈ ಕೋಷ್ಟಕವನ್ನು ನೋಡೋಣ. (ಇಲ್ಲಿ ‘ತೂಕ’ ಎಂದು ಬರೆಯುತ್ತಿರುವುದು ರೂಢಿಯ ಅರ್ಥದಲ್ಲಿ. ವಿದ್ಯಾರ್ಥಿಗಳು ‘ದ್ರವ್ಯರಾಶಿ’ ಎಂದು ತಿದ್ದುವ ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ.)

ಒಂದು ಮಾತನ್ನು ಮೊದಲೇ ಹೇಳಬೇಕು. ಗರ್ಭಾವಸ್ಥೆಯಲ್ಲಿ ಬೊಜ್ಜು ನಿರುಪದ್ರವಿ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಬೊಜ್ಜು ಹೆಚ್ಚಿದಂತೆ ಗರ್ಭಿಣಿ ಸಕ್ಕರೆ ಕಾಯಿಲೆ, ಏರು ರಕ್ತದೊತ್ತಡ, ಗರ್ಭನಂಜು ಎಂದು ಕರೆಯುವ ಪ್ರೀಎಕ್ಲಾಂಪ್ಸಿಯ, ಸಿಸೇರಿಯನ್ ಹೆರಿಗೆ, ಗಾಯದ ಸೋಂಕು, ಕಾಲಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆ, ಹೊಟ್ಟೆಯಲ್ಲೇ ಮಗು ಸಾಯುವುದು, ಇವೆಲ್ಲವುಗಳ ಸಂಭವ ಏರುತ್ತದೆ. ಇದರಲ್ಲಿ ಸಂದೇಹವಿಲ್ಲ. ನನ್ನ ತಕರಾರು ಕೊನೆಯ ಮೂರು ತಿಂಗಳಲ್ಲಿ ಈ ಅಪಾಯವನ್ನು ನಿಭಾಯಿಸಲು ತೂಕದ ಯಂತ್ರವನ್ನೇ ಮುಖ್ಯ ಆಯುಧವನ್ನಾಗಿ ಹಿಡಿಯುವುದರ ಬಗ್ಗೆ.

ಕೋಷ್ಟಕದ ಜಾತಕ

ಆ ಹಾಳೆಯ ಮೂಲ 2009ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೊರತಂದ ವರದಿ. ಗರ್ಭ ನಿಲ್ಲುವ ಮೊದಲಿನ ಬಿ.ಎಂ.ಐ. ಆಧಾರದ ಮೇಲೆ ಸ್ತ್ರೀಯರನ್ನು ಅದು ನಾಲ್ಕು ವರ್ಗ ಮಾಡುತ್ತದೆ. ಕಡಿಮೆ ತೂಕದವರಿಗೆ 12.5–18 ಕಿ.ಗ್ರಾಂ., ಸಾಮಾನ್ಯರಿಗೆ 11.5–16, ಅಧಿಕ ತೂಕದವರಿಗೆ 7–11.5, ಸ್ಥೂಲಕಾಯರಿಗೆ 5–9 ಕಿ.ಗ್ರಾಂ. ಒಟ್ಟು ಏರಿಕೆ ಸೂಕ್ತ ಎನ್ನುತ್ತದೆ. ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ. ಮೊದಲ ಮೂರು ತಿಂಗಳ ನಂತರ ವಾರಕ್ಕೆ ಎಷ್ಟು ಏರಬೇಕು ಎಂಬುದು ಅದರಲ್ಲಿದೆ: ಕ್ರಮವಾಗಿ ಸುಮಾರು 0.51, 0.42, 0.28 ಮತ್ತು 0.22 ಕಿ.ಗ್ರಾಂ. ನಮ್ಮ ಹುಡುಗಿಯ ಕೈಯಲ್ಲಿದ್ದ ಹಾಳೆಯಲ್ಲಿ ಈ ಎರಡನೆಯ ಕಾಲಂ ಇರಲಿಲ್ಲ. ಯಾರೋ ಸ್ಥಳ ಉಳಿಸಲು ಕತ್ತರಿಸಿದ್ದಿರಬೇಕು. ಕತ್ತರಿಸಿದ್ದು ಬೇಕಾದದ್ದನ್ನೇ.

ವರದಿ ಶ್ರಮಪಟ್ಟು ಮಾಡಿದ ಕೆಲಸ. ಹಿಂದಿನ ಇತಿಹಾಸ ನೋಡಿದರೆ ಅದರ ಬೆಲೆ ತಿಳಿಯುತ್ತದೆ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಪ್ರೊಖೋವ್ನಿಕ್ ಎಂಬ ವೈದ್ಯ, ಶ್ರೋಣಿ ಕಿರಿದಾದ ತಾಯಂದಿರಿಗೆ ಕೊನೆಯ ತಿಂಗಳುಗಳಲ್ಲಿ ಅರೆಹೊಟ್ಟೆಯ ಪಥ್ಯ ಹೇಳುತ್ತಿದ್ದ. ಮಗು ಸಣ್ಣದಾದರೆ ಹೆರಿಗೆ ಸುಲಭ ಎಂಬುದು ಅವನ ಲೆಕ್ಕ. ಸಿಸೇರಿಯನ್ ಮರಣಶಾಸನದಂತಿದ್ದ ಕಾಲಕ್ಕೆ ಅದೊಂದು ತರ್ಕ. ತರ್ಕ ಹೋದರೂ ಪಥ್ಯ ಉಳಿಯಿತು. 1950–60ರ ದಶಕಗಳ ಅಮೆರಿಕದಲ್ಲಿ ಗರ್ಭನಂಜನ್ನು ತಡೆಯುವುದಕ್ಕೆಂದು ತೂಕದ ಏರಿಕೆಯನ್ನು 15–20 ಪೌಂಡಿನೊಳಗೆ ಹಿಡಿದಿಡುವ ವಾಡಿಕೆ ಇತ್ತು. 1970ರ ರಾಷ್ಟ್ರೀಯ ವರದಿಯೊಂದು ಇದನ್ನು 20–25 ಪೌಂಡಿಗೆ ಏರಿಸಿತು. ಸಣ್ಣ ಮಕ್ಕಳ ಸಾವು ಆಗ ಕಣ್ಣಿಗೆ ಬಿದ್ದಿತ್ತು. 1990ರಲ್ಲಿ ಬಿ.ಎಂ.ಐ. ಪ್ರಕಾರ ವರ್ಗೀಕರಣ ಬಂದಿತು. ಸ್ಥೂಲಕಾಯರಿಗೆ ‘ಕನಿಷ್ಠ 15 ಪೌಂಡು’ ಎಂದಿತ್ತೇ ಹೊರತು ಮೇಲಿನ ಮಿತಿ ಇರಲಿಲ್ಲ. 2009ರಲ್ಲಿ ಮೇಲಿನ ಮಿತಿಯೂ ಬಂದಿತು. ಅರುವತ್ತು ವರ್ಷಗಳಲ್ಲಿ ಲೋಲಕ ಎಡಕ್ಕೂ ಬಲಕ್ಕೂ ಆಡಿದೆ. ಸಾಮಾನ್ಯ ಬೊಜ್ಜಿಗೂ ಅತಿಬೊಜ್ಜಿಗೂ ಬೇರೆ ಬೇರೆ ಮಿತಿ ಹೇಳಲು ಸಾಕಷ್ಟು ಮಾಹಿತಿ ಇಲ್ಲವೆಂದು ಒಪ್ಪಿಕೊಂಡ ಸಮಿತಿ, 30ರಿಂದ ಮೇಲಿನ ಎಲ್ಲರನ್ನೂ ಒಂದೇ ಸಾಲಿಗೆ ಹಾಕಿತು. ಪ್ರಾಮಾಣಿಕ ನಡೆ.

ಇನ್ನೊಂದು ಪ್ರಾಮಾಣಿಕ ಮಾತನ್ನೂ ಸಮಿತಿ ಬರೆದಿದೆ. ಅದನ್ನು ಯಾರೂ ಮುದ್ರಿಸಿ ಹಂಚುವುದಿಲ್ಲ. ಈ ಮಾರ್ಗಸೂಚಿ ಅಮೆರಿಕದ ಸ್ತ್ರೀಯರಿಗಾಗಿ. ಅವರಿಗಿಂತ ಗಮನಾರ್ಹವಾಗಿ ಕುಳ್ಳಗಿರುವ ಅಥವಾ ತೆಳ್ಳಗಿರುವ ಸ್ತ್ರೀಯರ ಪ್ರದೇಶಗಳಿಗೆ, ಪ್ರಸೂತಿ ಸೌಲಭ್ಯ ಸಾಲದ ಕಡೆಗೆ ಇದು ಉದ್ದೇಶಿತವಲ್ಲ ಎಂಬುದೇ ಆ ಮಾತು. ಉಪಕರಣದೊಡನೆ ಬಂದ ಕೈಪಿಡಿಯ ಮೊದಲ ಪುಟವನ್ನು ಹರಿದುಹಾಕಿ ಉಪಕರಣವನ್ನಷ್ಟೇ ಪ್ರಯೋಗಾಲಯಕ್ಕೆ ತಂದಂತಾಯಿತು.

ಎರಡು ಅಳತೆಗೋಲುಗಳ ಜೋಡಣೆ

ಬಿ.ಎಂ.ಐ. ಎಂದರೆ ಕಿಲೋಗ್ರಾಂನಲ್ಲಿ ತೂಕವನ್ನು ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. ನಮ್ಮ ಹುಡುಗಿಯದು 58ನ್ನು 2.25ರಿಂದ ಭಾಗಿಸಿದರೆ 25.8. ವಿಶ್ವ ಆರೋಗ್ಯ ಸಂಸ್ಥೆಯ ಗಡಿಗಳ ಪ್ರಕಾರ 25ರಿಂದ 30ರವರೆಗೆ ‘ಅಧಿಕ ತೂಕ’, 30 ದಾಟಿದರೆ ‘ಸ್ಥೂಲಕಾಯ’. ಭಾರತೀಯ ತಜ್ಞರು 2009ರಲ್ಲಿ ಒಮ್ಮತದಿಂದ ಹೇಳಿದ ಗಡಿಗಳು ಬೇರೆ: 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಸ್ಥೂಲಕಾಯ. ಅಂದರೆ ಇವಳು ಒಂದು ಲೆಕ್ಕದಲ್ಲಿ ಅಧಿಕ ತೂಕದವಳು, ಇನ್ನೊಂದರಲ್ಲಿ ಸ್ಥೂಲಕಾಯೆ. ಹಾಳೆ ಕೊಟ್ಟವರು ವರ್ಗವನ್ನು ಭಾರತೀಯ ಗಡಿಯಿಂದ ತೆಗೆದುಕೊಂಡು, 5–9 ಎಂಬ ಮಿತಿಯನ್ನು ಅಮೆರಿಕದ ಕೋಷ್ಟಕದಿಂದ ತೆಗೆದುಕೊಂಡಿದ್ದರು. ಆ ಮಿತಿ ಸಿದ್ಧವಾದದ್ದು 30 ದಾಟಿದವರ ಮಾಹಿತಿಯಿಂದ. ಫ್ಯಾರನ್‌ಹೀಟ್‌ನಲ್ಲಿ ಓದಿದ ಜ್ವರವನ್ನು ಸೆಲ್ಸಿಯಸ್ ಪಟ್ಟಿಯಲ್ಲಿ ಹುಡುಕಿದರೆ ಏನಾಗುತ್ತದೆಂದು ಎಂಟನೇ ತರಗತಿಯ ಮಕ್ಕಳೂ ಹೇಳಬಲ್ಲರು.

ಭಾರತೀಯ ಗಡಿಗಳು ಕಾರಣವಿಲ್ಲದೆ ಹುಟ್ಟಿದವಲ್ಲ. ಪುಣೆಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್‌ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರವೊಂದನ್ನು ಪ್ರಕಟಿಸಿದರು. ಇಬ್ಬರ ಬಿ.ಎಂ.ಐ.ಯೂ 22.3. ದೇಹದ ಕೊಬ್ಬಿನ ಅಂಶ ಮಾತ್ರ ಯುಡ್‌ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ತರಗತಿಯಲ್ಲಿ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ. ಅದೇ ಯಾಜ್ಞಿಕರ ತಂಡ ಪುಣೆಯ ಹತ್ತಿರದ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳೊಡನೆ ಹೋಲಿಸಿತು. ಸರಾಸರಿ ತೂಕ 2.7 ಮತ್ತು 3.5 ಕಿ.ಗ್ರಾಂ. ನಮ್ಮ ಶಿಶುಗಳ ಸ್ನಾಯು, ಹೊಟ್ಟೆಯ ಅಂಗಗಳು ಕಿರಿದು. ಬೆನ್ನ ಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕಡಿಮೆ ಉಳಿದುಕೊಂಡಿತ್ತು. ‘ತೆಳ್ಳಗಿನ ಕೊಬ್ಬಿನ ಶಿಶು’ ಎಂಬ ಮಾತು ಹುಟ್ಟಿದ್ದು ಹೀಗೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ನಡೆದ ಅಧ್ಯಯನದಲ್ಲಿ ಶೇ. 6.2ರಷ್ಟು ಗರ್ಭಿಣಿಯರಿಗೆ ಸಕ್ಕರೆ ಕಾಯಿಲೆ ಕಂಡಿತ್ತು. ಆ ಕಾಲಕ್ಕೆ ಅದು ದೊಡ್ಡ ಸಂಖ್ಯೆ. ಆದುದರಿಂದ ಕಡಿಮೆ ಬಿ.ಎಂ.ಐ.ಯಲ್ಲೇ ಎಚ್ಚರದ ಗಂಟೆ ಹೊಡೆಯುವುದು ಸರಿ. ಎಚ್ಚರದ ಗಂಟೆಯನ್ನು ಊಟದ ಮಿತಿಯನ್ನಾಗಿ ಬದಲಾಯಿಸುವುದು ಬೇರೆ ಮಾತು.

ಈ ಸೂಚ್ಯಂಕದ ಹಿನ್ನೆಲೆಯೂ ಸ್ವಾರಸ್ಯಕರ. ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕ್ವೆಟೆಲೆ 1830ರ ದಶಕದಲ್ಲಿ, ವಯಸ್ಕರ ತೂಕ ಎತ್ತರದ ವರ್ಗಕ್ಕೆ ಅನುಪಾತದಲ್ಲಿರುವುದನ್ನು ಗಮನಿಸಿದ. ಜ್ಯಾಮಿತೀಯವಾಗಿ ಸಮರೂಪದ ದೇಹಗಳಾಗಿದ್ದರೆ ಅದು ಘನಕ್ಕೆ ಅನುಪಾತದಲ್ಲಿರಬೇಕಿತ್ತು. ನಾವು ಒಬ್ಬರು ಇನ್ನೊಬ್ಬರ ಹಿಗ್ಗಿಸಿದ ಅಚ್ಚುಗಳಲ್ಲ, ಅಷ್ಟೆ. ಅವನಿಗೆ ಬೇಕಿದ್ದದ್ದು ಜನಸಮೂಹದ ‘ಸರಾಸರಿ ಮನುಷ್ಯ’. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಈ ಅನುಪಾತಕ್ಕೆ ಇಂದಿನ ಹೆಸರು ಕೊಟ್ಟರು. ಅವರು ಪರಿಶೀಲಿಸಿದ್ದು ಐದು ದೇಶಗಳ 7,424 ಮಂದಿಯನ್ನು. ಎಲ್ಲರೂ ಗಂಡಸರು! ಬಸುರಿಯ ಮಾತು ಹಾಗಿರಲಿ, ಹೆಣ್ಣಿನ ಮಾತೇ ಅಲ್ಲಿರಲಿಲ್ಲ.

ಗರ್ಭಾವಸ್ಥೆಯಲ್ಲಿ ಎತ್ತರ ಬದಲಾಗದು. ಹಾಗಾಗಿ ಏಳನೇ ತಿಂಗಳಲ್ಲಿ ಬಿ.ಎಂ.ಐ. ಲೆಕ್ಕ ಹಾಕುವುದೆಂದರೆ ಮಗುವನ್ನೂ ಗರ್ಭಜಲವನ್ನೂ ತಾಯಿಯ ಬೊಜ್ಜೆಂದು ಎಣಿಸಿದಂತೆ. ನಮ್ಮ ಹುಡುಗಿ ತನ್ನ ಹಿಂದಿನ ತೂಕವನ್ನು ತಿಳಿದಿದ್ದಳು. ತಿಳಿಯದೆ, 28ನೇ ವಾರದಲ್ಲಿ ಮೊದಲ ಬಾರಿಗೆ ತಕ್ಕಡಿ ಏರಿದ್ದರೆ 66ನ್ನು 2.25ರಿಂದ ಭಾಗಿಸಿ 29.3 ಎಂದು ಬರೆಯುತ್ತಿದ್ದರು. ಮೂರೂವರೆ ಅಂಶದ ದೋಷ! ತಾಯಿ ಕಾರ್ಡಿನಲ್ಲಿ ಮೊದಲ ಮೂರು ತಿಂಗಳ ತೂಕ ದಾಖಲಾಗಬೇಕೆಂದು ಆಶಾ ಕಾರ್ಯಕರ್ತೆಯರು ಒತ್ತಾಯಿಸುವುದರ ಹಿಂದೆ ಇರುವ ಭೌತಶಾಸ್ತ್ರ ಇದು. ಶೂನ್ಯಬಿಂದುವೇ ಗೊತ್ತಿಲ್ಲದಿದ್ದರೆ ಏರಿಕೆಯನ್ನು ಅಳೆಯುವುದು ಹೇಗೆ?

ಏರಿದ ತೂಕದಲ್ಲಿ ಇರುವುದೇನು?

ಇದು ನನ್ನ ತಕರಾರಿನ ತಿರುಳು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸ ಮಾಡಿದ ಫ್ರಾಂಕ್ ಹೈಟನ್, ಆರೋಗ್ಯವಂತ ಗರ್ಭಿಣಿಯ ಸರಾಸರಿ 12.5 ಕಿ.ಗ್ರಾಂ. ಏರಿಕೆಯನ್ನು ಭಾಗಭಾಗವಾಗಿ ಬಿಡಿಸಿಟ್ಟ. ಪ್ರಸೂತಿ ಶಾಸ್ತ್ರದ ಪಠ್ಯಗಳಲ್ಲಿ ಇಂದಿಗೂ ಆ ಲೆಕ್ಕ ಕಾಣುತ್ತದೆ. ಅದರ ಪ್ರಕಾರ 30ನೇ ವಾರದ ಹೊತ್ತಿಗೆ ಒಟ್ಟು 8.5 ಕಿ.ಗ್ರಾಂ. ಏರಿರುತ್ತದೆ. ಅದರಲ್ಲಿ ಮಗು 1.5, ತಾಯಿಯ ಕೊಬ್ಬಿನ ಸಂಗ್ರಹ ಸುಮಾರು 3.5, ಉಳಿದದ್ದು ಮಾಸು, ಗರ್ಭಜಲ, ಗರ್ಭಕೋಶ, ಸ್ತನ, ರಕ್ತ. ಈಗ 30ರಿಂದ 40ನೇ ವಾರದವರೆಗಿನ ಬದಲಾವಣೆಯನ್ನು ಮಾತ್ರ ನೋಡಿ. ಒಟ್ಟು 4 ಕಿ.ಗ್ರಾಂ. ಇದರಲ್ಲಿ ಮಗುವಿನ ಪಾಲು 1.9. ಜೀವಕೋಶಗಳ ಹೊರಗಿನ ದ್ರವ, ಅಂದರೆ ಬಹುಪಾಲು ನೀರು, 1.4. ಗರ್ಭಕೋಶ 0.37, ಮಾಸು 0.22, ರಕ್ತ 0.15, ಸ್ತನ ಮತ್ತು ಗರ್ಭಜಲ ಸೇರಿ 0.1ರಷ್ಟು. ಕೊಬ್ಬು? ಅದು ಏರುವುದಿಲ್ಲ. 0.13 ಕಿ.ಗ್ರಾಂ.ನಷ್ಟು ಇಳಿಯುತ್ತದೆ!

ವಿದ್ಯಾರ್ಥಿಗಳು ಕೂಡಿಸಿ ಕಳೆದು ನೋಡಲಿ, ಲೆಕ್ಕ ಸರಿಹೋಗುತ್ತದೆ. ಕೊಬ್ಬು ಸಂಗ್ರಹವಾಗುವುದು ಹೆಚ್ಚಾಗಿ ಮಧ್ಯದ ತಿಂಗಳುಗಳಲ್ಲಿ. ಕೊನೆಯ ಹತ್ತು ವಾರಗಳ ಏರಿಕೆ ಮಗು ಮತ್ತು ನೀರಿನದು. ಇದು ಸರಾಸರಿಯ ಚಿತ್ರ, ಅದೂ ಸ್ಥೂಲಕಾಯರಲ್ಲದವರದು ಎಂಬುದನ್ನು ಮರೆಯಬಾರದು. ಮಿತಿಮೀರಿ ತಿನ್ನುವವರಲ್ಲಿ ಕೊನೆಯ ತಿಂಗಳಲ್ಲೂ ಕೊಬ್ಬು ಬೆಳೆಯುತ್ತದೆ. ಆದರೆ ತಕ್ಕಡಿಯ ಮುಳ್ಳು ಕೊಬ್ಬನ್ನೂ ನೀರನ್ನೂ ಮಗುವನ್ನೂ ಬೇರೆ ಮಾಡಿ ತೋರಿಸದು.

ಈಗ ಕೆಂಪು ಗೆರೆಯತ್ತ ಮರಳೋಣ. ‘ಇನ್ನು ಒಂದು ಕೆ.ಜಿ. ಮಾತ್ರ’ ಎಂದರು. 28 ವಾರದ ಮಗು ಸುಮಾರು ಒಂದು ಕಿ.ಗ್ರಾಂ. ಇರುತ್ತದೆ, ಹುಟ್ಟುವ ಹೊತ್ತಿಗೆ ಮೂರು ಆಗಬೇಕು. ಮಗುವೊಂದಕ್ಕೇ ಎರಡು ಕಿ.ಗ್ರಾಂ. ಬೇಕು. ದ್ರವ್ಯರಾಶಿಯ ಸಂರಕ್ಷಣಾ ನಿಯಮ ಪ್ರಸೂತಿ ಗೃಹದಲ್ಲೂ ಅನ್ವಯಿಸುತ್ತದೆ. ಒಟ್ಟು ಏರಿಕೆ ಒಂದೇ ಆಗಬೇಕಿದ್ದರೆ ಉಳಿದ ಒಂದು ಕಿ.ಗ್ರಾಂ. ತಾಯಿಯ ಮೈಯಿಂದ ಕರಗಬೇಕು ಅಥವಾ ಮಗು ಬಡವಾಗಬೇಕು. ಗರ್ಭಿಣಿ ಉದ್ದೇಶಪೂರ್ವಕವಾಗಿ ತೂಕ ಇಳಿಸಬಾರದು ಎಂದು ಹೇಳುವವರೂ ಇದೇ ವೈದ್ಯಶಾಸ್ತ್ರದವರೇ.

ನಿಜ, ಮೊದಲ 28 ವಾರಗಳಲ್ಲಿ 8 ಕಿ.ಗ್ರಾಂ. ಎಂಬುದು ಅವಳ ವರ್ಗಕ್ಕೆ ಹೆಚ್ಚೇ. ಅಧಿಕ ತೂಕದ ಸಾಲಿನ ಪ್ರಕಾರ ಸುಮಾರು 6 ಇರಬೇಕಿತ್ತು. ಅದನ್ನು ಅವಳಿಗೆ ಮುಚ್ಚಿಡಬೇಕಾಗಿಲ್ಲ. ಆದರೆ ಹಿಂದೆ ಮಾಡಿದ ಖರ್ಚನ್ನು ಮುಂದಿನ ತಿಂಗಳ ಸಂಬಳದಿಂದ ಮುರಿದುಕೊಳ್ಳುವ ಹಾಗೆ, ಮಧ್ಯದಲ್ಲಿ ಏರಿದ ಕೊಬ್ಬನ್ನು ಕೊನೆಯಲ್ಲಿ ಬೆಳೆಯುವ ಮಗುವಿನ ಪಾಲಿನಿಂದ ಕಳೆಯಲಾಗದು. ಇಲ್ಲಿ ಕೆಲಸಕ್ಕೆ ಬರುವುದು ಕತ್ತರಿಸಿಹೋದ ಎರಡನೆಯ ಕಾಲಂ. ವಾರಕ್ಕೆ 0.28ರಂತೆ ಹನ್ನೆರಡು ವಾರಕ್ಕೆ 3.4 ಕಿ.ಗ್ರಾಂ.; 0.22ರಂತೆ ಹಿಡಿದರೂ 2.6. ಒಟ್ಟು ಮೊತ್ತವಲ್ಲ, ಇಂದಿನಿಂದ ಮುಂದಿನ ದರ. ಕಲನಶಾಸ್ತ್ರ ಓದಿದ ಪಿ.ಯು. ವಿದ್ಯಾರ್ಥಿಗೆ ಇವೆರಡರ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ.

ಆ ದರವನ್ನೂ ಎಚ್ಚರದಿಂದ ಓದಬೇಕು. ವಾರಕ್ಕೆ 0.22 ಕಿ.ಗ್ರಾಂ. ಎಂದರೆ ಒಂದು ಲೋಟ ನೀರಿನ ತೂಕ. ತಪಾಸಣೆಗೆ ಹೋಗುವಾಗ ಊಟ ಮಾಡಿದ್ದಾಳೆಯೇ, ಸ್ಕ್ಯಾನಿಂಗ್‌ಗೆಂದು ನೀರು ಕುಡಿದಿದ್ದಾಳೆಯೇ, ಉಟ್ಟದ್ದು ನೂಲಿನ ಸೀರೆಯೋ ರೇಷ್ಮೆಯದೋ ಎಂಬುದರ ಮೇಲೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಅರ್ಧ ಕಿ.ಗ್ರಾಂ. ಲಘುತಮ ಅಳತೆಯ ಮುಳ್ಳಿನ ತಕ್ಕಡಿಯಲ್ಲಿ ವಾರವಾರದ ಬದಲಾವಣೆ ಹುಡುಕುವುದು ಅಡಿಪಟ್ಟಿಯಿಂದ ಕೂದಲಿನ ದಪ್ಪ ಅಳೆದಂತೆ. ನಾಲ್ಕು ವಾರಗಳಿಗೊಮ್ಮೆ, ಅದೇ ತಕ್ಕಡಿಯಲ್ಲಿ, ಅದೇ ಹೊತ್ತಿನಲ್ಲಿ ತೂಗಿದರೆ ಮಾತ್ರ ಸಂಕೇತ ಗದ್ದಲದಿಂದ ಮೇಲೇಳುತ್ತದೆ. ಒಂದೆರಡು ದಿನಗಳಲ್ಲಿ ತೂಕ ದಿಢೀರ್ ಏರಿದರೆ ಅದು ನೀರು, ಹೊಟ್ಟೆಬಾಕತನವಲ್ಲ. ಆಗ ಕೇಳಬೇಕಾದದ್ದು ‘ಏನು ತಿಂದೆ’ ಎಂದಲ್ಲ. ತಲೆನೋವಿದೆಯೇ, ಕಣ್ಣು ಮಂಜಾಗುತ್ತಿದೆಯೇ, ಪಕ್ಕೆಲುಬಿನ ಕೆಳಗೆ ನೋವಿದೆಯೇ, ರಕ್ತದೊತ್ತಡ ಎಷ್ಟಿದೆ ಎಂದು.

ಪ್ರಯೋಗಗಳು ಹೇಳಿದ್ದೇನು?

ಊಟ ಮತ್ತು ವ್ಯಾಯಾಮದ ಸಲಹೆಯಿಂದ ಎಷ್ಟು ಬದಲಾವಣೆ ಸಾಧ್ಯ ಎಂದು ಯಾದೃಚ್ಛಿಕ ಪ್ರಯೋಗಗಳು ನಡೆದಿವೆ. ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ 2,212 ಗರ್ಭಿಣಿಯರ ಮೇಲೆ ನಡೆದ ‘ಲಿಮಿಟ್’ (2014), ಬ್ರಿಟನ್ನಿನಲ್ಲಿ 1,555 ಸ್ಥೂಲಕಾಯ ಗರ್ಭಿಣಿಯರ ಮೇಲೆ ನಡೆದ ‘ಅಪ್‌ಬೀಟ್’ (2015), ಎರಡೂ ದೊಡ್ಡ ಪ್ರಯೋಗಗಳು. ಗರ್ಭದ ಅವಧಿಗೆ ಅತಿ ದೊಡ್ಡದಾದ ಮಕ್ಕಳ ಪ್ರಮಾಣವನ್ನು ತಗ್ಗಿಸುವುದು ಅವುಗಳ ಮುಖ್ಯ ಗುರಿಗಳಲ್ಲೊಂದು. ಅದು ಎರಡರಲ್ಲೂ ಈಡೇರಲಿಲ್ಲ. ಅಪ್‌ಬೀಟ್‌ನಲ್ಲಿ ಸಕ್ಕರೆ ಕಾಯಿಲೆಯೂ ತಗ್ಗಲಿಲ್ಲ. ಲಿಮಿಟ್‌ನಲ್ಲಿ 4 ಕಿ.ಗ್ರಾಂ. ಮೀರಿದ ಮಕ್ಕಳು ಶೇ. 19ರಿಂದ ಶೇ. 15ಕ್ಕೆ ಇಳಿದರು, ಅಷ್ಟು ಲಾಭ. 36 ಪ್ರಯೋಗಗಳ 12,526 ಸ್ತ್ರೀಯರ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆ, ಸಲಹೆ ಪಡೆದವರ ತೂಕದ ಏರಿಕೆ ಸರಾಸರಿ 0.7 ಕಿ.ಗ್ರಾಂ. ಕಡಿಮೆ ಎಂದಿತು, ಸಿಸೇರಿಯನ್ ಸಂಭವ ತುಸು ತಗ್ಗಿತು. ಲಂಡನ್ನಿನಲ್ಲಿ ಅತಿಬೊಜ್ಜಿನ ಗರ್ಭಿಣಿಯರಿಗೆ ಮೆಟ್‌ಫಾರ್ಮಿನ್ ಕೊಟ್ಟು ನೋಡಿದರು (2016). ತಾಯಿಯ ಏರಿಕೆ 6.3ರಿಂದ 4.6 ಕಿ.ಗ್ರಾಂ.ಗೆ ತಗ್ಗಿತು, ಗರ್ಭನಂಜೂ ಕಡಿಮೆ ಕಂಡಿತು, ಮಗುವಿನ ತೂಕ ಮಾತ್ರ ಕದಲಲಿಲ್ಲ.

ಈ ಪ್ರಯೋಗಗಳಲ್ಲಿ ಸಲಹೆ ಶುರುವಾದದ್ದು ಹೆಚ್ಚಾಗಿ ನಾಲ್ಕೈದನೇ ತಿಂಗಳಲ್ಲಿ. ತರಬೇತಾದ ಸಲಹೆಗಾರರು ತಿಂಗಳುಗಟ್ಟಲೆ ಹಿಂದೆ ಬಿದ್ದರೂ ಸಿಕ್ಕಿದ್ದು 0.7 ಕಿ.ಗ್ರಾಂ., ಒಂದು ಒಳ್ಳೆಯ ರೇಷ್ಮೆ ಸೀರೆಯ ತೂಕ. ಏಳನೇ ತಿಂಗಳಲ್ಲಿ ಒಂದು ಹಾಳೆ ಕೊಟ್ಟು ಗದರಿಸಿದರೆ ಏನು ಸಿಗಬಹುದು?

ಅಳೆಯಬೇಕಾದದ್ದನ್ನು ಅಳೆಯುವುದು

ಅವಳೊಡನೆ ತಪಾಸಣೆಗೆ ಹೋದ ದಿನ ಕಂಡ ಒಂದು ದೃಶ್ಯ. ನಮ್ಮ ಮುಂದಿದ್ದ ಗರ್ಭಿಣಿಯ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತು ಬರಲಿಲ್ಲ. ನರ್ಸ್ ಪಟ್ಟಿಯ ತುದಿಯನ್ನು ಕೈಯಲ್ಲಿ ಒತ್ತಿ ಹಿಡಿದು ಗಾಳಿ ಊದಿದರು. 150/95 ಎಂದು ಬರೆದರು. ದೊಡ್ಡ ಪಟ್ಟಿ ಇಲ್ಲವೇ ಎಂದು ಕೇಳಿದೆ. ‘ಇರೋದು ಒಂದೇ ಸಾರ್’ ಎಂದರು. ಅವರ ತಪ್ಪೇನಿಲ್ಲ, ಕೊಂಡುಕೊಡುವವರು ಬೇರೆ.

1896ರಲ್ಲಿ ಇಟಲಿಯ ರೀವಾ-ರೊಚ್ಚಿ ಮಾಡಿದ ಮಾಪಕದ ತೋಳುಪಟ್ಟಿ ಸುಮಾರು 5 ಸೆಂ.ಮೀ. ಅಗಲವಿತ್ತು. ಅಷ್ಟು ಕಿರಿದಾದ ಪಟ್ಟಿ ಒತ್ತಡವನ್ನು ಹೆಚ್ಚು ತೋರಿಸುತ್ತದೆಂದು 1901ರಲ್ಲೇ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ತೋರಿಸಿ, ಅದರ ಎರಡು ಪಟ್ಟಿಗೂ ಮಿಗಿಲಾದ ಅಗಲ ಸೂಚಿಸಿದ. ಕಾರಣ ಸರಳ. ಪಟ್ಟಿಯೊಳಗಿನ ಒತ್ತಡ ಊತಕದ ಆಳಕ್ಕೆ ಪೂರ್ತಿಯಾಗಿ ತಲುಪುವುದು ಪಟ್ಟಿಯ ನಡುಭಾಗದಲ್ಲಿ ಮಾತ್ರ. ಅಂಚುಗಳಲ್ಲಿ ಅದು ಪಕ್ಕಕ್ಕೆ ಹರಡಿ ಸೋರಿಹೋಗುತ್ತದೆ. ತೋಳು ದಪ್ಪವಾಗಿ ಪಟ್ಟಿ ಕಿರಿದಾದರೆ ಆಳದ ಧಮನಿಯನ್ನು ಮುಚ್ಚಲು ಧಮನಿಯೊಳಗಿನ ಒತ್ತಡಕ್ಕಿಂತ ಹೆಚ್ಚು ಊದಬೇಕು. ಆ ಹೆಚ್ಚುವರಿಯನ್ನು ನಾವು ರೋಗಿಯ ಖಾತೆಗೆ ಬರೆಯುತ್ತೇವೆ. ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟು, ಉದ್ದ ಶೇ. 80ರಷ್ಟು ಇರಬೇಕೆಂಬುದು ನಿಯಮ. 38 ಸೆಂ.ಮೀ. ತೋಳಿಗೆ 15 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ. ಜಾನ್ಸ್ ಹಾಪ್ಕಿನ್ಸ್ ತಂಡವೊಂದು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡ ಪಟ್ಟಿ ಬೇಕಾದ ವಯಸ್ಕರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಒತ್ತಡ ಸರಾಸರಿ 4.8 ಮಿ.ಮೀ. ಹೆಚ್ಚು ಕಂಡಿತು. ಅತಿ ದೊಡ್ಡ ಪಟ್ಟಿ ಬೇಕಾದವರಲ್ಲಿ 19.5 ಮಿ.ಮೀ.! ಗರ್ಭಿಣಿಯಲ್ಲಿ 140/90 ಎಂಬುದು ಎಚ್ಚರಿಕೆಯ ಗೆರೆ. ನಿಜವಾಗಿ 125 ಇರುವಾಕೆ ಪಟ್ಟಿಯ ದೆಸೆಯಿಂದ 144 ಆಗಬಹುದು. ಔಷಧಿ, ಅವಧಿಗೆ ಮುಂಚಿನ ಹೆರಿಗೆ, ಆತಂಕ, ಎಲ್ಲವೂ ಅಲ್ಲಿಂದ ಹೊರಡುತ್ತವೆ. ಇದರ ಮರುಮುಖ ಇನ್ನೂ ಕೆಟ್ಟದ್ದು. ‘ದಪ್ಪ ತೋಳು, ಹಾಗೇ ತೋರಿಸುತ್ತೆ ಬಿಡಿ’ ಎಂದು ನಿಜವಾದ ಏರೊತ್ತಡವನ್ನು ತಳ್ಳಿಹಾಕುವುದೂ ನಡೆಯುತ್ತದೆ. ಕೆಲವೇ ನೂರು ರೂಪಾಯಿಗಳ ಒಂದು ದೊಡ್ಡ ಪಟ್ಟಿ ಈ ಎರಡೂ ಅನಾಹುತಗಳನ್ನು ತಪ್ಪಿಸುತ್ತದೆ.

ಶ್ರವಣಾತೀತ ಧ್ವನಿಯ ಸ್ಕ್ಯಾನಿಂಗ್ ಕೂಡ ಬೊಜ್ಜಿನೆದುರು ಕುರುಡಾಗುತ್ತದೆ. ಮೃದು ಊತಕದಲ್ಲಿ ಈ ಧ್ವನಿ ಪ್ರತಿ ಸೆಂ.ಮೀ.ಗೆ, ಪ್ರತಿ ಮೆಗಾಹರ್ಟ್ಸಿಗೆ ಸುಮಾರು 0.5 ಡೆಸಿಬೆಲ್ ಕುಗ್ಗುತ್ತದೆ. ಹೊಟ್ಟೆಯ ಮೇಲೆ 4 ಸೆಂ.ಮೀ. ಹೆಚ್ಚುವರಿ ಕೊಬ್ಬಿದ್ದರೆ ಹೋಗಿ ಬರುವ ಹಾದಿ 8 ಸೆಂ.ಮೀ. 3.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ 14 ಡೆಸಿಬೆಲ್ ನಷ್ಟ, ಅಂದರೆ ಮರಳುವ ಪ್ರತಿಧ್ವನಿಯ ತೀವ್ರತೆ 25ನೇ ಒಂದು ಭಾಗಕ್ಕೆ ಇಳಿಯುತ್ತದೆ. ಆವೃತ್ತಿಯನ್ನು 2 ಮೆಗಾಹರ್ಟ್ಸಿಗೆ ಇಳಿಸಿದರೆ ನಷ್ಟ 8 ಡೆಸಿಬೆಲ್, ಆದರೆ ತರಂಗದೂರ 0.44ರಿಂದ 0.77 ಮಿ.ಮೀ.ಗೆ ಏರಿ ಚಿತ್ರ ಒರಟಾಗುತ್ತದೆ. ಜೊತೆಗೆ ಯಂತ್ರ ಧ್ವನಿಯ ವೇಗವನ್ನು ಎಲ್ಲೆಡೆ ಸೆಕೆಂಡಿಗೆ 1,540 ಮೀಟರ್ ಎಂದು ನಂಬಿರುತ್ತದೆ; ಕೊಬ್ಬಿನಲ್ಲಿ ಅದು ಸುಮಾರು 1,450. ಕಿರಣಗಳು ಬಾಗಿ ಅಂಚುಗಳು ಮಸುಕಾಗುತ್ತವೆ. ಮಗುವಿನ ತಲೆ, ಹೊಟ್ಟೆ, ತೊಡೆಮೂಳೆಯ ಅಳತೆಗಳಿಂದ ತೂಕ ಅಂದಾಜಿಸುವ ಸೂತ್ರಗಳಲ್ಲಿ ಒಳ್ಳೆಯ ಚಿತ್ರವಿದ್ದರೂ ಶೇ. 10ರ ದೋಷ ಸಾಮಾನ್ಯ. ‘ಮಗು 3.8 ಕೆ.ಜಿ. ಇದೆ’ ಎಂದು ವರದಿ ಹೇಳಿದರೆ ಅದನ್ನು 3.4ರಿಂದ 4.2ರವರೆಗೆ ಎಂದು ಓದಿಕೊಳ್ಳಬೇಕು. ಹಾಗೆಂದು ಸ್ಕ್ಯಾನಿಂಗ್ ಬಿಡುವಂತಿಲ್ಲ. ದಪ್ಪ ಹೊಟ್ಟೆಯ ಮೇಲೆ ಟೇಪು ಹಿಡಿದು ಗರ್ಭಕೋಶದ ಎತ್ತರ ಅಳೆಯುವುದು ಇನ್ನೂ ಕಡಿಮೆ ನಂಬಿಕೆಯದು. ಬಿ.ಎಂ.ಐ. 35 ದಾಟಿದವರಿಗೆ ಟೇಪಿನ ಬದಲು ಸರಣಿ ಸ್ಕ್ಯಾನಿಂಗ್ ಮಾಡಿ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜು ಹೇಳುವುದು ಇದಕ್ಕೇ.

ಸಕ್ಕರೆಯ ಪರೀಕ್ಷೆಯ ವಿಷಯದಲ್ಲಿ ನಮ್ಮ ದೇಶದ ಪದ್ಧತಿ ಚೆನ್ನಾಗಿದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ 140 ಮಿ.ಗ್ರಾಂ. ಮುಟ್ಟಿದರೆ ಎಚ್ಚರ. ಮೊದಲ ಭೇಟಿಯಲ್ಲೊಮ್ಮೆ, 24–28 ವಾರದಲ್ಲೊಮ್ಮೆ. ಹೊಟ್ಟೆ ಖಾಲಿ ಇರಲೇಬೇಕೆಂದಿಲ್ಲ, ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ಇದು ದೊಡ್ಡ ಅನುಕೂಲ. ಆದರೆ ಒಂಬತ್ತು ದೇಶಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ‘ಹ್ಯಾಪೊ’ ಅಧ್ಯಯನದಲ್ಲಿ ಸಕ್ಕರೆ ಏರಿದಂತೆ ದೊಡ್ಡ ಮಗುವಿನ ಸಂಭವ ನಿರಂತರವಾಗಿ ಏರುತ್ತಾ ಹೋಯಿತು, ಎಲ್ಲೂ ಮೆಟ್ಟಿಲು ಕಾಣಲಿಲ್ಲ. 139 ಕ್ಷೇಮ, 141 ಅಪಾಯ ಎಂಬುದು ನಾವು ಎಳೆದ ಗೆರೆ. ಒಂಬತ್ತು ಕಿ.ಗ್ರಾಂ. ಗೆರೆಯೂ ಅದೇ ಜಾತಿಯದು.

ಕೊನೆಯ ತಿಂಗಳುಗಳಲ್ಲಿ ಸ್ಥೂಲಕಾಯ ಗರ್ಭಿಣಿಗೆ ನಿಜವಾಗಿ ಬೇಕಾದ ನಿರ್ವಹಣೆಯೆಂದರೆ ಇದು: ಹೊಂದುವ ಪಟ್ಟಿಯಿಂದ ರಕ್ತದೊತ್ತಡ, ಸಕ್ಕರೆಯ ನಿಗಾ, ಮಗುವಿನ ಚಲನೆಯ ಮೇಲೆ ತಾಯಿಯ ಗಮನ, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು (ತುಂಬಿದ ಗರ್ಭಕೋಶ ಕೆಳಗಿನ ಮಹಾಸಿರೆಯನ್ನು ಅದುಮಿ ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ), ವೈದ್ಯರ ಒಪ್ಪಿಗೆಯೊಡನೆ ದಿನವೂ ನಡಿಗೆ, ಅರಿವಳಿಕೆ ತಜ್ಞರೊಡನೆ ಮೊದಲೇ ಭೇಟಿ, ರಕ್ತ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯ ನಿಶ್ಚಯ. ಊಟದಲ್ಲಿ ಬಿಡಬೇಕಾದದ್ದು ರಾತ್ರಿಯ ಮುದ್ದೆ ಸಾರಲ್ಲ. ಬೇಕರಿ ತಿಂಡಿ, ಸಿಹಿ ಪಾನೀಯ, ಬಯಕೆಯ ನೆಪದ ಜಾಮೂನು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳಿಗೆ ಗರ್ಭಾವಸ್ಥೆಯಲ್ಲಿ ಜಾಗವಿಲ್ಲ.

ತಂಗಿಯ ಮಗಳು ಮರುದಿನದಿಂದ ರಾತ್ರಿ ಊಟಕ್ಕೆ ಕುಳಿತಳು. ಅಜ್ಜಿಯ ತುಪ್ಪಕ್ಕೆ ಮಿತಿ ಹಾಕಿದ್ದು ಅವಳ ವೈದ್ಯೆಯೇ. ಕತ್ತರಿಸಿದ ಕಾಲಂ ತೋರಿಸಿದಾಗ ಅವರು ಬೇಸರ ಮಾಡಿಕೊಳ್ಳದೆ ಹಾಳೆಯನ್ನು ಬದಲಾಯಿಸಿದರು. ಹೆರಿಗೆಯ ಹೊತ್ತಿಗೆ ಒಟ್ಟು ಏರಿಕೆ 11 ಕಿ.ಗ್ರಾಂ. ಮಗು 3 ಕಿ.ಗ್ರಾಂ.ಗೆ ತುಸು ಮೇಲೆ. ಒಂದು ಅಳತೆಯಿಂದ ನಾನು ಏನನ್ನೂ ಸಾಧಿಸಹೊರಟಿಲ್ಲ. ನನಗೀಗ ಯೋಚನೆ ಇರುವುದು ಬಾಣಂತನದ ಲೆಕ್ಕ. ಮಗು, ಮಾಸು, ನೀರು ಹೋದ ಮೇಲೆ ಉಳಿದ ಮೂರು ನಾಲ್ಕು ಕಿ.ಗ್ರಾಂ.ನ ಜೊತೆಗೆ ಅಂಟಿನುಂಡೆ, ಕೊಬ್ಬರಿ, ತುಪ್ಪ ಸೇರುತ್ತವೆ, ಓಡಾಟ ನಿಲ್ಲುತ್ತದೆ. ಎರಡನೇ ಗರ್ಭಕ್ಕೆ ಶೂನ್ಯಬಿಂದು 58 ಆಗುವುದೋ 64 ಆಗುವುದೋ ತೀರ್ಮಾನವಾಗುವುದು ಆ ಮೂರು ತಿಂಗಳಲ್ಲಿ. 2009ರ ವರದಿಯೂ ಗರ್ಭ ನಿಲ್ಲುವ ಮೊದಲೇ ತೂಕವನ್ನು ಹದಕ್ಕೆ ತರಬೇಕೆಂದು ಹೇಳಿತ್ತು. ಆದರೆ ಆ ಅವಧಿಗೆ ಕೋಷ್ಟಕದಲ್ಲಿ ಕಾಲಂ ಇಲ್ಲ, ಹಾಳೆ ಕೊಡುವವರೂ ಆಗ ಹತ್ತಿರವಿರುವುದಿಲ್ಲ.